ಬೆರಕೆ ಎಣ್ಣೆ ಕುಡಿದ ಗಾಡಿಗಳು

ಎಣ್ಣೆ ಅಂಗಡಿ ಇಟ್ಟವನಿಗೆ ಮೈ ಜುಮ್ಮೆನ್ನಿಸೋ ಅನುಭವ ಎಲ್ಲಿಂದ ಬರುತ್ತೆ ಅಂತ ಜನ ಕೇಳ್ತಾರೆ. ನನಗಂತೂ ಅಂಗಡಿ ಇದ್ದಷ್ಟು ಕಾಲವೂ ಬರ್ತಾನೇ ಇತ್ತು. ಒಂದನ್ನು ಮರೆಯೋ ಹೊತ್ತಿಗೆ ಇನ್ನೊಂದು ಹಾರನ್ ಹೊಡೀತಾ ಬಾಗಿಲಿಗೆ ಬಂದು ನಿಲ್ಲೋದು.

ಅರವತ್ತರ ದಶಕದ ಮಾತು. ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ. ಇಂಜಿನ್ನಿಗೆ ಹಾಕೋ ಎಣ್ಣೆ ನನ್ನಲ್ಲಿ ಎರಡೇ ಬಗೆ. ಒಂದು, ಸೀಲು ಹಾಕಿ ಬರೋ ಡಬ್ಬಿ ಎಣ್ಣೆ. ಜೇನಿನ ಬಣ್ಣ, ದುಬಾರಿ. ಇನ್ನೊಂದು, ಪೀಪಾಯಿಯಿಂದ ಅಳೆದು ಕೊಡೋ ಬೆರಕೆ ಎಣ್ಣೆ. ಹಳೇ ಎಣ್ಣೆಯನ್ನ ಸೋಸಿ, ಹೊಸದರ ಜೊತೆ ಬೆರೆಸಿದ್ದು. ಬಣ್ಣ ಕಪ್ಪು, ಬೆಲೆ ಅಗ್ಗ. ಬಂದವರೆಲ್ಲ ಎರಡನ್ನೂ ಬೆರಳಿಗೆ ಹಚ್ಚಿ, ಉಜ್ಜಿ, ಮೂಸಿ, ಹೆಣ್ಣಿನ ಜಾತಕ ನೋಡೋ ಹಾಗೆ ನೋಡಿ, ಕೊನೆಗೆ "ಯಾವುದು ಉಯ್ಯಾದು?" ಅಂತ ನನ್ನನ್ನೇ ಕೇಳೋರು. ಡಬ್ಬಿ ಅಂದರೆ ಲಾಭಕ್ಕೆ ಹೇಳ್ತಾವ್ನೆ ಅಂತ ಅನುಮಾನ. ಬೆರಕೆ ಅಂದರೆ ನಮ್ಮನ್ನ ಬಡವರು ಅಂದ್ಕೊಂಡ ಅಂತ ಸಿಟ್ಟು. ಅದಕ್ಕೇ ನಾನು ಸುಮ್ಮನಿದ್ದುಬಿಡ್ತಿದ್ದೆ. ಆಮೇಲೆ ಗಾಡಿಗಳೇ ಮಾತಾಡ್ತಿದ್ದವು.

೧. ಕೋಟೆ ಹತ್ತಿರದ ತಲೆ

ಶ್ರೀರಂಗಪಟ್ಟಣದ ಕಡೆ ಒಬ್ಬರು ಶಾಲಾ ಮೇಷ್ಟ್ರಿದ್ದರು. ಅವರ ಸ್ಕೂಟರಿಗೆ ಪೆಟ್ರೋಲಿನ ಜೊತೆ ಸ್ವಲ್ಪ ಎಣ್ಣೆ ಬೆರೆಸಿ ಹಾಕಬೇಕಿತ್ತು. ಅವರು ಬೆರಕೆ ಎಣ್ಣೇನೇ ತಗೊಂಡರು. ಅಗ್ಗವಾಗಿದೆಯಲ್ಲ ಅಂತ ಧಾರಾಳವಾಗಿ ಸುರಿದರು.

ಚಳಿಗಾಲದ ಮುಂಜಾನೆ. ಕೋಟೆ ಕಂದಕದ ಪಕ್ಕದ ದಾರಿಯಲ್ಲಿ ಮಂಜು ನೆಲಕ್ಕೆ ಅಂಟಿಕೊಂಡಿತ್ತು. ಸ್ಕೂಟರು ನಿಧಾನವಾಗಿ ನಿಂತಿತು. ನಿಂತಲ್ಲೇ ಬುಸುಗುಟ್ಟುತ್ತಾ ಹೊಗೆ ಉಗುಳಿತು. ಹೊಗೆ ಮಂಜಿನ ಜೊತೆ ಸೇರಿ ಮೇಷ್ಟ್ರ ಕುತ್ತಿಗೆವರೆಗೂ ಏರಿತು. ಮೇಲೆ ಉಳಿದದ್ದು ಮಂಕಿ ಕ್ಯಾಪು ಹಾಕಿದ ತಲೆ, ಕನ್ನಡಕ, ಅಷ್ಟೆ.

ಹೊಳೆಗೆ ಹೊರಟ ಇಬ್ಬರು ಹೆಂಗಸರು ಎದುರಾದರು. ನೆಲದಿಂದ ಅಷ್ಟೆತ್ತರದಲ್ಲಿ ಒಂದು ತಲೆ ಸುಮ್ಮನೆ ತೇಲ್ತಾ ಅವರನ್ನೇ ನೋಡ್ತಾ ಇದೆ. ಒಬ್ಬಳು ಕೊಡ ಇಳಿಸಿ ಕೈ ಮುಗಿದು, "ಏನ್ ಬೇಕು ಸ್ವಾಮಿ? ಯೋಳಿ, ನಡುಸ್ಕೊಡ್ತೀವಿ" ಅಂದಳು.

ಮೇಷ್ಟ್ರಿಗೆ ಅವಳ ಗುರುತು ಸಿಕ್ಕಿತು. ಅವಳ ಮಗ ಶಾಲೆಗೆ ಬಂದು ಎಷ್ಟೋ ಕಾಲವಾಗಿತ್ತು. ಅವರು ಗಂಭೀರವಾಗಿ, "ಮಗನ್ನ ಸ್ಕೂಲಿಗೆ ಕಳಿಸಮ್ಮ" ಅಂದರು.

ಅವತ್ತು ಶಾಲೆಯ ಬಾಗಿಲು ತೆರೆಯೋ ಮೊದಲೇ ಆ ಹುಡುಗ ಹಾಜರು. ಜೊತೆಗೆ ಆ ಬೀದಿಯ ಮಿಕ್ಕ ಮಕ್ಕಳೂ ಹಾಜರು.

ಆಮೇಲೆ ಮೇಷ್ಟ್ರು ಡಬ್ಬಿ ಎಣ್ಣೆ ಕಡೆ ತಿರುಗಿ ನೋಡಲಿಲ್ಲ. ಹಾಜರಿ ಕಮ್ಮಿಯಾದಾಗೆಲ್ಲ ಬಂದು, "ಬೆರಕೇದು ಒಂದು ಪಾವು ಜಾಸ್ತೀನೇ ಅಳಿಯಪ್ಪ" ಅನ್ನೋರು.

೨. ಒಬ್ಬರು ಜಾಸ್ತಿ

ಕೆ.ಆರ್. ಪೇಟೆಯಲ್ಲಿ ಬಾಡಿಗೆ ಕಾರು ಓಡಿಸೋನೊಬ್ಬನಿದ್ದ. ಡಬ್ಬೀನೂ ಬೇಡ, ಪೀಪಾಯೀದೂ ಬೇಡ, ನಾನೇ ಬೆರೆಸ್ಕೋತೀನಿ ಅಂತ ಹೊರಟ ಧೀರ. ಮನೆಯಲ್ಲಿ ಕಾಯಿಸಿದ ಹರಳೆಣ್ಣೆಯನ್ನ ಹಳೇ ಇಂಜಿನ್ ಎಣ್ಣೆಗೆ ಸೇರಿಸಿ ಹುಯ್ದಿದ್ದ.

ಬೂಕನಕೆರೆಯ ಒಂದು ಮನೆಯವರು ಸಂತೆಬಾಚಹಳ್ಳಿ ಕಡೆ ಹೆಣ್ಣು ನೋಡೋಕೆ ಅವನ ಕಾರು ಗೊತ್ತು ಮಾಡಿದ್ದರು. ಪರಿಚಯದವರು ಅಂತ ನಾನೂ ಹತ್ತಿಕೊಂಡೆ. ಹೊತ್ತು ಮುಳುಗ್ತಾ ಇತ್ತು. ನಗು, ಹರಟೆ ಎಲ್ಲಾ ಜೋರಾಗಿತ್ತು. ಸ್ವಲ್ಪ ದೂರ ಹೋಗೋದರೊಳಗೆ ಕಾರಿನೊಳಗೆ ಒಂದು ವಾಸನೆ ಹಬ್ಬಿತು. ಹರಳೆಣ್ಣೆ ದೀಪ ಉರಿದು ಬತ್ತಿ ಕರಕಲಾದ ವಾಸನೆ. ಮಾತು ಒಂದೊಂದಾಗಿ ನಿಂತವು.

ಗಂಡಿನ ಸೋದರತ್ತೆ ಮೆಲ್ಲಗೆ, "ಇಲ್ಲೆಲ್ಲೂ ಮನೆ ಇಲ್ವಲ್ಲ, ದೀಪ ಯಾರು ಮಡಗವ್ರೆ?" ಅಂದಳು. ಗಂಡಿನ ಅಪ್ಪ ಕಿಟಕಿ ಕಡೆ ಮುಖ ಮಾಡಿ, "ನಮ್ಮಪ್ಪ ತೀರ್ಕೊಂಡಾಗ ತಲೆದೆಸೇಲಿ ಇಂಗೇ ಉರೀತಿತ್ತು" ಅಂದರು.

ಸೋದರತ್ತೆ ಬೆರಳು ಮಡಿಸ್ತಾ ಒಬ್ಬೊಬ್ಬರನ್ನೇ ಎಣಿಸೋಕೆ ಶುರು ಮಾಡಿದಳು. ಎಣಿಸಿ, ನಿಂತು, ಮತ್ತೆ ಎಣಿಸಿದಳು. "ನಾವು ಮನೆ ಬುಟ್ಟಾಗ ಇಷ್ಟು ಜನ ಇರಲಿಲ್ಲ. ಒಬ್ರು ಜಾಸ್ತಿ ಅವ್ರೆ" ಅಂದಳು. ನನ್ನನ್ನೂ ಲೆಕ್ಕಕ್ಕೆ ಹಿಡಿದೇ ಹೇಳಿದ್ದಳು.

ಕಾರು ನಿಲ್ಲಿಸಿದರು. ಎಲ್ಲಾ ಇಳಿದು ರಸ್ತೆ ಬದಿ ಸಾಲಾಗಿ ನಿಂತೆವು. ಎಣಿಸಿದರೆ ಲೆಕ್ಕ ಸರಿಯಾಗಿತ್ತು. ಹತ್ತಿ ಎಣಿಸಿದರೆ ಮತ್ತೆ ಒಬ್ಬರು ಜಾಸ್ತಿ. ಗದ್ದೆ ಮೇಲಿಂದ ತಣ್ಣನೆ ಗಾಳಿ ಬೀಸಿತು. ಆ ಕಾರಲ್ಲಿ ಕೂರೋ ಧೈರ್ಯ ಯಾರಿಗೂ ಉಳಿಯಲಿಲ್ಲ. ನಡೆದೇ ಹೋಗೋಣ ಅಂತ ಹೊರಟೆವು.

ಸ್ವಲ್ಪ ದೂರ ನಡೆದ ಮೇಲೆ ಸೋದರತ್ತೆ ತಡೀಲಾರದೆ ಮತ್ತೆ ಎಣಿಸಿದಳು. ನಿಂತುಬಿಟ್ಟಳು. "ನಮ್ ಜೊತೇಲೇ ಬತ್ತಾ ಅದೆ" ಅಂದಳು.

ಎಲ್ಲರೂ ಎದ್ದೆವೋ ಬಿದ್ದೆವೋ ಅಂತ ಓಡಿದೆವು. ಎಲ್ಲರಿಗಿಂತ ಮುಂದೆ ಓಡ್ತಾ ಇದ್ದೋನು ಆ ಜಾಸ್ತಿಯವನೇ. ಕಾರಲ್ಲಿ ಒಬ್ಬನೇ ಕೂರೋಕೆ ಹೆದರಿ ನಮ್ಮ ಹಿಂದೆ ಇಳಿದು ಬಂದಿದ್ದ ಡ್ರೈವರು.

೩. ಕಿಟಕಿ ಕೆಳಗೆ

ನಾಗಮಂಗಲದ ಡಾಕ್ಟರೊಬ್ಬರ ಕಾರು ವರ್ಷಗಟ್ಟಲೆ ಬೆರಕೆ ಎಣ್ಣೆ ಕುಡಿದು ಒಳಗೆಲ್ಲ ಮಸಿ ಕಟ್ಟಿತ್ತು. ಅಂಥ ಇಂಜಿನ್ನಿನಲ್ಲಿ ಮಸಿಯೇ ಕೆಂಡದ ಹಾಗೆ ಕಾದಿರುತ್ತೆ. ಕೀಲಿ ತೆಗೆದ ಮೇಲೂ ಅದು ತನ್ನಷ್ಟಕ್ಕೆ ತಾನು ಒಂದಷ್ಟು ಹೊತ್ತು ಗುಡುಗುಡು ಅಂತಾನೇ ಇರುತ್ತೆ.

ಒಂದು ಮಧ್ಯಾಹ್ನ ಅವರು ಹಳ್ಳಿಯೊಂದರ ಹಿರಿಯ ಗೌಡರನ್ನು ನೋಡೋಕೆ ಹೋದರು. ಜ್ವರ ಇಳಿದಿತ್ತು, ಆದರೆ ಗೌಡರು ಬದುಕೋ ಆಸೆ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದರು. ಅನ್ನ ನೀರು ಬೇಡ ಅಂದಿದ್ದರು. ನೆಂಟರೆಲ್ಲ ಬಂದು ಮೂಲೆಮೂಲೆಯಲ್ಲಿ ಮೌನವಾಗಿ ಕೂತಿದ್ದರು. ಡಾಕ್ಟರು ಕಾರನ್ನ ಕಿಟಕಿ ಕೆಳಗೆ ನಿಲ್ಲಿಸಿ ಒಳಗೆ ಬಂದು, ಕೀಲಿಯನ್ನ ಮಂಚದ ಮೇಲಿಟ್ಟು ನಾಡಿ ಹಿಡಿದರು.

ಗೌಡರು ಕಣ್ಣು ಬಿಟ್ಟರು. "ಆಚೆಗೆ ಯಾರು ಬಂದವ್ರೆ?"

"ಡಾಕ್ಟ್ರು ಕಣಪ್ಪ" ಅಂದ ಮಗ.

"ಡಾಕ್ಟ್ರು ಇಲ್ಲೇ ಅವ್ರೆ. ಆಚೆಗೆ ಯಾರ್ಲಾ?"

ಮಗ ಕಿಟಕಿಯಲ್ಲಿ ಬಗ್ಗಿ ನೋಡಿದ. ಕಾರಲ್ಲಿ ಯಾರೂ ಇಲ್ಲ, ಆದರೂ ಅದರ ಮೂತಿ ನಡುಗ್ತಾ ಇದೆ. ಕೀಲಿ ಮಂಚದ ಮೇಲಿದೆ. "ಯಾರೂ ಇಲ್ಲ ಕಣಪ್ಪ" ಅಂದ.

"ಯಾರೂ ಇಲ್ದೆ ಕೋಣ ಗುಟುರು ಆಕ್ತದಾ?"

ಯಾರ ಕೋಣ ಅಂತ ಮನೆಯಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಗೌಡರು ಗೋಡೆ ಹಿಡಿದು ಎದ್ದು, ಕಿಟಕಿವರೆಗೂ ನಡೆದು ಹೋಗಿ, ನೆಂಟರ ಜೊತೆ ಮಾತಾಡೋ ಹಾಗೇ ಹೇಳಿದರು: "ಈ ಸಲ ಬರಾಕಾಗಕಿಲ್ಲ. ಕಬ್ಬು ಕಡ್ಸಾದು ಅದೆ. ನೀವು ಒರಡಿ."

ಕಾರು ಒಂದು ಸಲ ಮೈ ಒದರಿ ನಿಶ್ಶಬ್ದವಾಯಿತು.

ಗೌಡರು ತಿರುಗಿ ಬಂದು ಕೂತು ಮುದ್ದೆ ಕೇಳಿದರು. ಡಾಕ್ಟರು ಹೊರಗೆ ಬರೋ ಹೊತ್ತಿಗೆ ಮನೆಯ ಹೆಂಗಸರು ಕಾರಿಗೆ ಅರಿಶಿನ ಕುಂಕುಮ ಬಳಿದು ತೆಂಗಿನಕಾಯಿ ಒಡೆದಾಗಿತ್ತು.

ಮಾರನೇ ದಿನವೇ ಡಾಕ್ಟರು ನನ್ನ ಅಂಗಡಿಗೆ ಬಂದು ಡಬ್ಬಿ ಎಣ್ಣೆ ತೋರಿಸಿದರು. "ಇನ್ನು ಇದನ್ನೇ ಹಾಕಯ್ಯ. ಇಲ್ಲದಿದ್ದರೆ ಮುಂದಿನ ಸಲ ನನ್ನನ್ನ ಮನೇಲಿ ಬಿಟ್ಟು ಕಾರನ್ನ ಮಾತ್ರ ಕರೆಸ್ಕೋತಾರೆ."

೪. ಕೆಮ್ಮು

ಕ್ಯಾತನಹಳ್ಳಿಯಲ್ಲಿ ಕಬ್ಬು ಸಾಗಿಸೋ ಲಾರಿ ಇದ್ದ ಒಂದು ಮನೆ. ಲಾರಿ ಕೊಂಡಿದ್ದ ಯಜಮಾನ ತೀರಿಕೊಂಡಿದ್ದ. ಮಗ ಓಡಿಸ್ತಿದ್ದ. ಅಪ್ಪ ಇರೋವರೆಗೂ ಲಾರಿಗೆ ಡಬ್ಬಿ ಎಣ್ಣೆ ಬಿಟ್ಟು ಬೇರೆ ಸೋಕಿಸಿರಲಿಲ್ಲ. ಮಗ ಬೆರಕೆಗೆ ಇಳಿದ.

ಒಂದು ದಿನ ಅವನು ಬಂದು, "ಅಣ್ಣ, ಒಸಿ ನಮ್ಮನೇಗೆ ಬಂದು ಕೇಳು" ಅಂದ. ನೋಡು ಅನ್ನಲಿಲ್ಲ, ಕೇಳು ಅಂದ.

ಬೆಳಿಗ್ಗೆ ಹೋದೆ. ಲಾರಿ ಸ್ಟಾರ್ಟ್ ಮಾಡಿದ. ತಣ್ಣಗಿದ್ದ ಇಂಜಿನ್ನು ಎರಡು ಸಲ ಸಣ್ಣಗೆ, ಒಂದು ಸಲ ಉದ್ದಕ್ಕೆ ಕೆಮ್ಮಿತು. ಆಮೇಲೆ ಗಂಟಲು ಸರಿ ಮಾಡಿಕೊಂಡಿತು. ನನ್ನ ಕೈಮೇಲಿನ ಕೂದಲು ನಿಂತವು. ಯಜಮಾನ ನನ್ನ ಅಂಗಡಿ ಮೆಟ್ಟಿಲು ಹತ್ತುವಾಗ ಪ್ರತಿ ಸಲವೂ ಕೆಮ್ತಿದ್ದದ್ದು ಅದೇ ಥರ. ಜಗಲಿ ಮೇಲೆ ಕೂತಿದ್ದ ಅವನ ಹೆಂಡತಿ, ಮಗನ ತಾಯಿ, ತಲೆ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು.

ಮಗನಿಗೆ ಊಟ ಸೇರ್ತಿರಲಿಲ್ಲ. ನಾವಿಬ್ಬರೂ ಬೆರಕೆ ಎಣ್ಣೆ ಬಸಿದು, ಇಂಜಿನ್ನು ತೊಳೆದು, ಡಬ್ಬಿ ಎಣ್ಣೆ ಹುಯ್ದೆವು. ಕೆಮ್ಮು ಹೋಯಿತು. ಮಗನ ಮುಖ ತಿಳಿಯಾಯಿತು.

ಕೆಲವು ದಿನದ ಮೇಲೆ ತಾಯಿ ಒಬ್ಬಳೇ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಳು. "ಆ ಕರೀ ಎಣ್ಣೆ ಅದಾ?" ಅಂದಳು.

"ಯಾಕವ್ವ?"

"ನಮ್ಮನೇರು ಬರಾದು ನಿಲ್ಸ್ಬುಟ್ಟವ್ರೆ."

"ಅವ್ವ, ಅದು ಎಣ್ಣೆ ದೋಷ. ಆ ಕೆಮ್ಮು ಬಂದರೆ ಇಂಜಿನ್ನು ಕೆಡುತ್ತೆ" ಅಂದೆ.

"ಎದೆ ಕೆಡ್ತದೆ ಅಂತ ಡಾಕ್ಟ್ರೂ ಅಂತಿದ್ರು. ಬೀಡಿ ಬುಟ್ರಾ ಅವ್ರು?" ಅಂದಳು.

ಮಗನಿಗೆ ಹೇಳಿ ಕಳಿಸಿದೆ. ಅವನು ಬಂದು, ಅವ್ವ ಕೇಳ್ತಾಳಲ್ಲ ಅಂತ ಬೆರಕೇನೇ ತಗೊಂಡು ಹೋದ. ಕೆಮ್ಮು ವಾಪಸ್ ಬಂತು.

ಆಮೇಲೆ ಮಗ ಹೇಳಿದ ಸಂಗತಿ ಇದು. ಗಂಡ ಬದುಕಿದ್ದಾಗ ಒಂದು ಮಾತು ಎದುರಾಡದ ಹೆಂಗಸು, ದಿನಾ ಬೆಳಿಗ್ಗೆ ಲಾರಿ ಕೆಮ್ಮಿದ ತಕ್ಷಣ ಎದುರು ನಿಂತು ಬಯ್ಯೋಕೆ ಶುರು ಮಾಡಿದ್ದಳು. ತವರಿಗೆ ಕಳಿಸದೇ ಇದ್ದದ್ದು, ಕರೀ ಹಸು ಮಾರಿದ್ದು, ಅತ್ತೆ ಪರ ವಹಿಸಿದ್ದು, ಒಂದೂ ಬಿಡದ ಹಾಗೆ. ಲಾರಿ ಗಡಗಡ ಅಂತ ಕೇಳಿಸಿಕೊಳ್ತಿತ್ತು.

ಒಂದು ವಾರ ಹಿಂಗೇ ನಡೀತು. ಆಮೇಲೆ ಒಂದು ಸಾಯಂಕಾಲ ಮಗ ಓಡಿ ಬಂದ. "ಅಣ್ಣ, ಡಬ್ಬಿ ಎಣ್ಣೆ ಕೊಡು."

"ಅವ್ವ ಬ್ಯಾಡ ಅಂದ್ಲಾ?"

"ಅವ್ವ ಅಲ್ಲ. ನೆನ್ನೆಯಿಂದ ಗಾಡಿ ಸ್ಟಾರ್ಟೇ ಆಗ್ತಿಲ್ಲ. ಅಪ್ಪ ಮುನಿಸ್ಕೊಂಡವ್ನೆ."

ಮಾರನೇ ಬೆಳಿಗ್ಗೆ ಡಬ್ಬಿ ಹಿಡಿದು ನಾನೂ ಹೋದೆ. ಅಂಗಳದಲ್ಲಿ ಮಂಜು. ಲಾರಿ ತಲೆ ತಗ್ಗಿಸಿದ ಹಾಗೆ ನಿಂತಿತ್ತು. ನಾನು ಡಬ್ಬಿಯ ಸೀಲು ಕೀಳೋಕೆ ಹೋದರೆ ತಾಯಿ ಅಡ್ಡ ಬಂದು, "ತಡಿ. ನಾನು ಇವತ್ತು ಬಾಯಿ ಬುಡಾಕಿಲ್ಲ, ನೋಡಾನ" ಅಂದಳು. ಒಳಗೆ ಹೋಗಿ ಒಂದು ಲೋಟ ಬೆಲ್ಲದ ಕಾಫಿ ತಂದು, ಲಾರಿಯ ಎದುರು ನೆಲದ ಮೇಲಿಟ್ಟು, ದೂರ ಹೋಗಿ ಕೂತಳು.

ಮಗ ಹತ್ತಿ ಸ್ಟಾರ್ಟರ್ ಒತ್ತಿದ. ಎರಡು ಸಣ್ಣ ಕೆಮ್ಮು, ಒಂದು ಉದ್ದ ಕೆಮ್ಮು. ಲಾರಿ ಶುರುವಾಯಿತು.

ನಾನು ಸೀಲು ಒಡೆಯದ ಡಬ್ಬಿ ಹಿಡಿದು ಬೆಪ್ಪಾಗಿ ನಿಂತಿದ್ದೆ. ತಾಯಿ ಸೆರಗು ಸರಿ ಮಾಡಿಕೊಳ್ತಾ ನನ್ನ ಕಡೆ ನೋಡಿ ಹೇಳಿದಳು: "ಅದನ್ನ ವಾಪಸ್ ತಗೊಂಡೋಗಪ್ಪ. ಇಷ್ಟು ವರ್ಸ ಸಂಸಾರ ಮಾಡಿವ್ನಿ. ಇದು ಎಣ್ಣೇಲಿ ಇಳಿಯೋ ಕ್ವಾಪ ಅಲ್ಲ."