ಉತ್ತರಕ್ಕೆ ಹೋದ ಬೆಳ್ಳುಳ್ಳಿ ಪಾತಿ

ಭೂಗೋಳದ ಮೇಷ್ಟ್ರಿಗೆ ಮಣ್ಣಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ತಿಳಿದಿದ್ದೆ. ನೀಲಗಿರಿ ಬೆಟ್ಟದ ಕೋತಗಿರಿಯಲ್ಲಿ, ನಮ್ಮ ಮನೆಯ ಹಿಂದಿನ ಇಳಿಜಾರಿನಲ್ಲಿ ಹೆಂಡತಿ ಸರೋಜಾಳ ಬೆಳ್ಳುಳ್ಳಿ ಪಾತಿಗಳಿದ್ದವು. ಬೀಜ ಅವಳ ತೀರಿಹೋದ ತಾಯಿಯದು. ಪ್ರತಿ ವರ್ಷ ಗೊಂಚಲು ಕಟ್ಟಿ, ಒಲೆಯ ಮೇಲೆ ತೂಗುಹಾಕಿ ಉಳಿಸಿಕೊಂಡು ಬಂದದ್ದು. ಈ ಸಲ ಅವಳ ಮೊಣಕಾಲು ಮುಷ್ಕರ ಹೂಡಿದ್ದರಿಂದ ನಾಟಿಯ ಹೊಣೆ ನನ್ನ ಹೆಗಲಿಗೆ ಬಿತ್ತು.

ಅವಳ ಪಾತಿಗಳು ಗುಡ್ಡಕ್ಕೆ ಅಡ್ಡವಾಗಿ, ಸೊಟ್ಟಸೊಟ್ಟಗೆ ಇದ್ದವು. ಅಂಚಿಗೆಲ್ಲ ಹುಲ್ಲು. ನಾನು ಮೈಸೂರು ಕಡೆಯ ಬಯಲಿನವನು, ಸೊಟ್ಟ ಸಾಲು ಕಂಡರೆ ಕೈ ತುರಿಸುತ್ತದೆ. ನೀರು ನಿಂತರೆ ಬೆಳ್ಳುಳ್ಳಿ ಕೊಳೆಯುತ್ತದೆ ಎಂಬ ವೈಜ್ಞಾನಿಕ ಕಾರಣವನ್ನೂ ಜೊತೆಗಿಟ್ಟುಕೊಂಡು, ಹುಲ್ಲನ್ನೆಲ್ಲ ಕಿತ್ತು, ಹಗ್ಗ ಹಿಡಿದು, ಮೇಲಿಂದ ಕೆಳಕ್ಕೆ ನೇರ ಸಾಲು ಹೊಡೆದು ನೆಟ್ಟೆ. ಅಡುಗೆಮನೆಯ ಕಿಟಕಿಯಿಂದ ಬಾಚಿದ ತಲೆಯ ಹಾಗೆ ಕಾಣುತ್ತಿತ್ತು.

ಮಣ್ಣು ಜಾರಿ ಹೋಗುವುದಿಲ್ಲವೇ ಎಂದು ಸರೋಜಾ ಕೇಳಿದಳು. ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು. ನಮ್ಮ ಕಾಲಡಿಯ ಭೂಫಲಕವೇ ಉಗುರು ಬೆಳೆಯುವ ವೇಗದಲ್ಲಿ ಉತ್ತರಕ್ಕೆ ಸರಿಯುತ್ತಿದೆ, ಹಾಗೇ ಸರಿದು ಸರಿದು ಹಿಮಾಲಯವನ್ನು ಎಬ್ಬಿಸಿದೆ, ಭೂಮಿಗೆ ಅವಸರವೆಂಬುದೇ ಇಲ್ಲ ಎಂದು ವಿವರಿಸಿದೆ.

“ಭೂಮಿ ಎಲ್ಲಿಗಾದ್ರೂ ಹೋಗ್ಲಿ ರೀ. ಅಮ್ಮನ ಬೆಳ್ಳುಳ್ಳಿ ಇಲ್ಲೇ ಇರ್ಲಿ.”

ಅದೇ ವಾರ ಒಂದು ಮಧ್ಯಾಹ್ನ ಮಳೆ ಸುರಿಯಿತು. ನಾನು ಹೊಡೆದ ಒಂದೊಂದು ಸಾಲೂ ಒಂದೊಂದು ಕಾಲುವೆಯಾಯಿತು. ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ತೋಟ ಇರಲಿಲ್ಲ! ಬೋರ್ಡಿನ ಮೇಲೆ ವರ್ಷಗಟ್ಟಲೆ ಬರೆದು ಅಳಿಸಿದ, ಮಣ್ಣಿನಡಿಯ ‘ಮಾತೃಶಿಲೆ’ಯನ್ನು ಅಂದು ಕಣ್ಣಾರೆ ಕಂಡೆ.

ಕೆಳಮನೆಯ ಬೋಜಣ್ಣ ಸಣ್ಣ ಟೀ ತೋಟವಿರುವವನು, ಈ ಬೆಟ್ಟದ ಬಡಗ ಸಮುದಾಯದವನು. ಮೊಣಕಾಲುದ್ದ ಕೆಸರಿನಲ್ಲಿ ಹತ್ತಿಬಂದ.

“ಸಾರ್, ನಿಮ್ಮ ತೋಟ ನಮ್ಮ ಅಂಗಳಕ್ಕೆ ಬಂದಿದೆ. ವಾಪಸ್ ಬೇಕಾ?”

ಅವನ ಮನೆ ನಮಗೆ ಉತ್ತರಕ್ಕಿದೆ. ದಿಕ್ಕಿನಲ್ಲಿ ನಾನು ತಪ್ಪಿರಲಿಲ್ಲ. ವೇಗದಲ್ಲಿ ಮಾತ್ರ.

ಸರೋಜಾ ಬೈಯಲಿಲ್ಲ. ಒಲೆಯ ಮೇಲಿನ ಖಾಲಿ ಗೂಟ ನೋಡುತ್ತ ಕೂತಳು. ಬೈದಿದ್ದರೆ ವಾಸಿಯಿತ್ತು, ಅಷ್ಟು ಸಂಕಟವಾಯಿತು ನನಗೆ.

ಆಮೇಲೆ ಬೋಜಣ್ಣನ ಬೇಲಿಯ ಬುಡದಲ್ಲಿ, ಕೆಸರು ನಿಂತಿದ್ದ ಕಡೆ, ಬೆಳ್ಳುಳ್ಳಿ ಮೊಳೆಯಿತು. ಸಾಲಿಲ್ಲ, ಹಗ್ಗವಿಲ್ಲ, ಮೇಷ್ಟ್ರಿಲ್ಲ, ಸೊಂಪಾಗಿ ಬಂತು! ಈಗ ಸರೋಜಾ ಕೋಲೂರಿಕೊಂಡು ದಿನವೂ ಅಲ್ಲಿಗೆ ಇಳಿಯುತ್ತಾಳೆ. ಬೋಜಣ್ಣನ ಹೆಂಡತಿಯ ಜೊತೆ ಕೂತು ಕಳೆ ಕೀಳುತ್ತಾಳೆ, ನಗುತ್ತಾಳೆ. ಬೀಜವೇನೋ ಮನೆಗೆ ಬರುತ್ತದಂತೆ, ಆದರೆ ನೆಡಲು ಮಣ್ಣು ಬೇಕಲ್ಲ? ಒಂದಂಗುಲ ಮಣ್ಣಾಗಲು ನೂರಾರು ವರ್ಷ ಬೇಕೆಂದೆ. ಅಷ್ಟು ದಿನ ಕಾಯಲಾಗುವುದಿಲ್ಲವೆಂದು ಅವಳು ಬುಟ್ಟಿ ಕೊಟ್ಟಳು.

ಹಾಗಾಗಿ ಬೋಜಣ್ಣನ ಅಂಗಳದಲ್ಲಿ ಉಳಿದ ಮಣ್ಣನ್ನು ನಾನು ಮೇಲಕ್ಕೆ ಹೊರುತ್ತಿದ್ದೇನೆ. ಅಡ್ಡಕ್ಕೆ ಕಲ್ಲು ಜೋಡಿಸಿ, ನಾನು ಕಿತ್ತೆಸೆದಂಥ ಹುಲ್ಲನ್ನೇ ಅವನಿಂದ ಬೇಡಿ ತಂದು ನೆಡುತ್ತಿದ್ದೇನೆ, ಸೊಟ್ಟಸೊಟ್ಟಗೆ. ಸೊಂಟ ಸೋತಿದೆ. ಭೂಖಂಡ ಉತ್ತರಕ್ಕೆ ಹೋಗುತ್ತಿದೆ, ನಾನು ಬುಟ್ಟಿ ಹೊತ್ತು ದಕ್ಷಿಣಕ್ಕೆ. ಸದ್ಯಕ್ಕೆ ಭೂಖಂಡವೇ ಮುಂದಿದೆ.