ಶ್ರಾವಣದ ಬೆಳ್ಳುಳ್ಳಿ ವಾಸನೆ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನಂತೂ ಹೇಳುವುದಿಲ್ಲ. ಅದನ್ನು ಹೇಳಲು ಬೊಮ್ಮಸಂದ್ರದಲ್ಲಿ ಬೇಕಾದಷ್ಟು ಜನ ಇದ್ದಾರೆ. ತಮ್ಮ ಅಪ್ಪನ ಹೊಲದಲ್ಲಿ ಸಾಲು ಶೆಡ್ಡುಗಳೆದ್ದು ಬಾಡಿಗೆ ತಾನಾಗಿ ಬರುತ್ತಿರುವಾಗ, ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಶಿಫ್ಟ್ ಮಾಡುವವರನ್ನು ಮತ್ತೇನೆನ್ನಬೇಕು? ಕೇಳಿದರೆ, "ಮನೇಲಿ ಕೂತ್ರೆ ತುಕ್ಕು ಇಡೀತೀನಿ ಕಣಮ್ಮ" ಎನ್ನುತ್ತಾರೆ.

ಇವರಿಗೆ ಜಗತ್ತೆಲ್ಲ ತುಕ್ಕೇ. ಗೇಟಿಗೆ, ಹೆಚ್ಚಿಟ್ಟ ಸೇಬಿಗೆ, ಮನುಷ್ಯನಿಗೆ, ಎಲ್ಲಕ್ಕೂ ಗಾಳಿಯಿಂದಲೇ ಕುತ್ತು. ಒಮ್ಮೆ ಅವರ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅವಳು ಹಿಡಿದು ನಿಂತ ತಟ್ಟೆಯಲ್ಲಿ ಸೇಬಿನ ಹೋಳು ಕಂದುಬಣ್ಣಕ್ಕೆ ತಿರುಗುವುದನ್ನು ನೋಡಲಾರದೆ ಭಾವ ಎದ್ದು, ನಿಂಬೆಹಣ್ಣು ಕೊಯ್ದು ತಂದು ಹೋಳಿನ ಮೇಲೆ ಹಿಂಡತೊಡಗಿದರು. ಬಂದವರು, ಅಣ್ಣ ಹುಡುಗಿಗೆ ದೃಷ್ಟಿ ತೆಗೆಯುತ್ತಿದ್ದಾನೆ ಅಂದುಕೊಂಡರು! ಹುಡುಗನ ಅಜ್ಜಿ, "ನಮ್ಮುಡುಗನ್ಗೂ ಒಂದ್ಸಾರಿ ನಿವಾಳ್ಸಪ್ಪ" ಎಂದು ಮೊಮ್ಮಗನನ್ನು ಮುಂದಕ್ಕೆ ತಳ್ಳಿದರು. ಭಾವ ಅವನಿಗೂ ನಿವಾಳಿಸಿದರು. ಮದುವೆ ಕುದುರಿತು.

ಇಂಥವರ ಕಣ್ಣಿಗೆ ನನ್ನ ಕೈ ಬಿತ್ತು. ನಾನು ಅವರ ಹಿಂದಿನ ಬೀದಿಯಲ್ಲಿ ರವಿಕೆ ಹೊಲಿದು ಬದುಕುವವಳು. ಎರಡು ವರ್ಷದ ಹಿಂದೆ ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡು, ಬೆಳಿಗ್ಗೆ ಸೂಜಿ ಹಿಡಿಯಲೂ ಆಗುತ್ತಿರಲಿಲ್ಲ. ಡಾಕ್ಟರು ಕೀಲುಗಳ ಉರಿಯೂತ ಎಂದು ಮಾತ್ರೆ ಬರೆದರು. ಅದು ಅಷ್ಟಾಗಿ ಹಿಡಿಸಲಿಲ್ಲ. ಕೈಯೇ ಹೋದರೆ ನನಗೆ ಉಳಿಯುವುದೇನು?

"ಒಳಗಡೆ ವೆಲ್ಡಿಂಗ್ ನಡೀತೈತೆ ಅಂತ ಇಟ್ಕೋ" ಎಂದರು ಭಾವ. "ಉರಿಯೂತ ಆದಾಗ ಕಿಡಿ ಸಿಡೀತವೆ. ಅವು ಪಕ್ಕದ ಒಳ್ಳೇ ಕಣಗಳ್ನೂ ಸುಡ್ತವೆ. ಸೆಲೆನಿಯಂ ಅಂತ ಒಂದೈತೆ, ಕಿಡಿ ಮೇಲೆ ಸುರಿಯೋ ಮರಳಿದ್ದಂಗೆ. ನಮ್ ಲ್ಯಾಬಲ್ಲಿ ಅದ್ರದ್ದೇ ಕೆಲ್ಸ."

"ಅಂಗಾದ್ರೆ ನಂಗೂ ಕೊಡಿ ಭಾವ."

"ನಮ್ದು ಇನ್ನೂ ಇಲಿಗಳಿಗೇ ಗ್ಯಾರಂಟಿ ಇಲ್ಲ. ನಿಂಗೆ ಕೊಡ್ತೀನಾ?"

ಮೆಡಿಕಲ್ ಶಾಪಿನಲ್ಲಿ ಸಿಗುವ ಸೆಲೆನಿಯಂ ಮಾತ್ರೆಯನ್ನಾದರೂ ತಂದುಕೊಡಿ ಎಂದು ದುಂಬಾಲು ಬಿದ್ದೆ. ಕೇಳದಿದ್ದರೂ ಊರಿಗೆಲ್ಲ ಔಷಧ ಹೇಳುವ ಮಹಾಶಯರು ನನಗೆ ಮಾತ್ರ "ನೋಡಾನ" ಎಂದು ನುಣುಚಿಕೊಂಡರು. ಸಿಟ್ಟಿಗೆ ನಾನು ಮಾತು ಬಿಟ್ಟೆ.

ಅಷ್ಟರಲ್ಲಿ ಶ್ರಾವಣ ಬಂತು. ಆ ತಿಂಗಳು ಅಕ್ಕನ ಅಡುಗೆಮನೆಯಲ್ಲಿ ಮಾಂಸವಿರಲಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಹೀಗಿರುವಾಗ ಭಾವ ಬಾಯಿ ಬಿಟ್ಟರೆ ಬೆಳ್ಳುಳ್ಳಿ ವಾಸನೆ!

"ರೀ, ಫ್ಯಾಕ್ಟ್ರಿ ಗೇಟತ್ರ ಕಬಾಬ್ ತಿಂದ್ಕೊಂಡ್ ಬರ್ತಿದೀರ" ಎಂದು ಅಕ್ಕ ತೀರ್ಪು ಕೊಟ್ಟಳು. ಭಾವ ಹಲ್ಲುಜ್ಜಿದರು, ಏಲಕ್ಕಿ ಅಗಿದರು, ವಾಸನೆ ಹೋಗಲಿಲ್ಲ. ಅಕ್ಕ ಕಬಾಬ್ ಅಂಗಡಿಗೇ ಹೋಗಿ ವಿಚಾರಿಸಿದಳು. ಅಂಗಡಿಯವನು, "ಸಾರ್ ಈ ಕಡೆ ತಲೆನೂ ಹಾಕಿಲ್ಲ ಅಕ್ಕ" ಎಂದ.

"ನೋಡ್ದಾ, ಅವ್ನಿಗೂ ಏಳ್ಕೊಟ್ಟವ್ರೆ" ಎಂದಳು ಅಕ್ಕ ನನಗೆ.

ಅದೇ ವಾರ ನನ್ನನ್ನು ಸ್ಕೂಟರಿನಲ್ಲಿ ಡಾಕ್ಟರ ಹತ್ತಿರ ಕರೆದೊಯ್ದವರು ಭಾವನೇ. ಡಾಕ್ಟರು ನನ್ನ ಬೆರಳು ನೋಡುತ್ತಿದ್ದಾಗ ಮುಂದೆ ಬಾಗಿ, "ಇವ್ಳಿಗೆ ಸೆಲೆನಿಯಂ ಕೊಡ್ಬೌದಾ ಸಾರ್?" ಎಂದರು. ಡಾಕ್ಟರ ಮೂಗು ಅರಳಿತು.

"ನೀವು ತಗೊಳ್ತಿದೀರಾ? ಅದು ಜಾಸ್ತಿಯಾದ್ರೆ ಉಸಿರಲ್ಲಿ ಹೀಗೇ ಬೆಳ್ಳುಳ್ಳಿ ವಾಸನೆ ಬರುತ್ತೆ."

ಭಾವ ಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ಇವ್ಳು ಕೇಳಿದ್ಲು ಸಾರ್. ಕೊಡಕ್ಕೆ ಮುಂಚೆ ನಾನೇ ತಿಂದ್ ನೋಡಾನ ಅಂತ, ಒಂದರ ಜಾಗಕ್ಕೆ ದಿನಾ ಆರು ತಗೊಂಡೆ. ಏನಾದ್ರೂ ಆಗೋದಿದ್ರೆ ಮೊದ್ಲು ನಂಗಾಗ್ಲಿ."

"ಮಿತಿ ಮೀರಿದ್ರೆ ಅದೇ ವಿಷ ಕಣ್ರೀ, ಇವತ್ತೇ ನಿಲ್ಸಿ" ಎಂದು ಡಾಕ್ಟರು ಚೆನ್ನಾಗಿ ಬೈದರು. ನನ್ನ ಮಾತ್ರೆ ಬದಲಿಸಿ ಬರೆದರು. ಅವರು ಏನು ಬರೆದರೋ ನನಗೆ ಕಾಣಲಿಲ್ಲ, ಕಣ್ಣು ತುಂಬಿತ್ತು.

ಹೊರಗೆ ಬಂದು, "ಅಕ್ಕನಿಗೆ ನಾನೇ ಹೇಳ್ತೀನಿ" ಎಂದೆ.

"ಬ್ಯಾಡ ಕಣಮ್ಮ. ವಿಷ ಅಂದ್ರೆ ಎದ್ರುಕೊಂಡ್ ಒದ್ದಾಡ್ತಾಳೆ. ಕಬಾಬ್ ಅಂತಾನೇ ಇರ್ಲಿ ಬಿಡು." ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮನೆಯವರು ಇವತ್ತಿಗೂ ಶ್ರಾವಣ ಬಂದರೆ ಕಬಾಬಿನ ಮಾತೆತ್ತಿ ಅವರನ್ನು ಆಡಿಕೊಳ್ಳುತ್ತಾರೆ. ಅವರೂ ಜೊತೆಗೆ ನಗುತ್ತಾರೆ. ಹೊಸ ಮಾತ್ರೆ ನನಗೆ ಹಿಡಿಸಿತು. ಬೆರಳು ಮಡಚುತ್ತವೆ, ರವಿಕೆಗೆ ಹುಕ್ಸು ಹೊಲಿಯುತ್ತವೆ, ಪೆನ್ನೂ ಹಿಡಿಯುತ್ತವೆ. ಕೊಟ್ಟ ಮಾತು ತಪ್ಪುತ್ತಿದ್ದೇನೆ, ಭಾವ ಕ್ಷಮಿಸಲಿ. ಅಕ್ಕಾ, ಆ ಶ್ರಾವಣದಲ್ಲಿ ನಿನ್ನ ಗಂಡ ಕಬಾಬ್ ತಿಂದಿರಲಿಲ್ಲ.