ರೆಸ್ಯೂಮಿನ ಕೆಳಗೆ ಹದಿನೇಳು ಹೆಸರು

ಬಂಗಾರಪೇಟೆ ಸ್ಟೇಷನ್ ಎದುರು ಜೆರಾಕ್ಸ್ ಅಂಗಡಿ ಇಟ್ಟವಳಿಗೆ ಟೀವಿ ಯಾಕೆ ಬೇಕು ಹೇಳಿ? ಬೆಳಗಿನ ಬೆಂಗಳೂರು ರೈಲಿಗೆ ಇನ್ನು ಹತ್ತೇ ನಿಮಿಷ ಅನ್ನುವಾಗ ಜನ ಓಡಿ ಬರ್ತಾರೆ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ರಸ್ತೆಯಲ್ಲಿ. "ಅಕ್ಕಾ, ಬೇಗ ಒಂದು ರೆಸ್ಯೂಮ್ ಮಾಡಿಕೊಡಿ." ಹುಟ್ಟಿದಾಗಿನಿಂದ ಇಲ್ಲಿಯವರೆಗಿನ ಬದುಕನ್ನ ಹತ್ತು ನಿಮಿಷದಲ್ಲಿ ಟೈಪ್ ಮಾಡಬೇಕಂತೆ! ನಾನು ಬೈತೀನಿ. ಬೈತಾ ಬೈತಾನೇ ಮಾಡಿಕೊಡ್ತೀನಿ. ಕೋರಮಂಡಲ್‌ನ ಟೈಪಿಂಗ್ ಕ್ಲಾಸಿನಲ್ಲಿ ಪೆಟ್ಟು ತಿಂದು ಕಲಿತ ಬೆರಳುಗಳಿವು, ಇವತ್ತಿನವರೆಗೂ ಯಾರ ರೈಲನ್ನೂ ತಪ್ಪಿಸಿಲ್ಲ. ಆದರೆ ಒಂದಾದರೂ ತಮಾಷೆ ನಡೆಯದೆ ಶಟರ್ ಎಳೆದ ದಿನ ಮಾತ್ರ ನನಗೆ ನೆನಪಿಲ್ಲ.

ಎಲ್ಲರಿಗೂ ಕುದುರೆ

ಮೊದಮೊದಲು ನನ್ನ ಕಂಪ್ಯೂಟರಿನಲ್ಲಿ ಒಂದೇ ಒಂದು ರೆಸ್ಯೂಮ್ ಇತ್ತು. ಯಾರೋ ಪುಣ್ಯಾತ್ಮ ಪೆನ್‌ಡ್ರೈವಿನಲ್ಲಿ ಬಿಟ್ಟುಹೋದದ್ದು. ಹೆಸರು, ಅಪ್ಪನ ಹೆಸರು, ಮಾರ್ಕ್ಸು ಬದಲಾಯಿಸೋದು, ಪ್ರಿಂಟ್ ಕೊಡೋದು. ಕೆಳಗಿನ ಹವ್ಯಾಸದ ಸಾಲನ್ನ ನಾನೂ ಓದಲಿಲ್ಲ, ತಗೊಂಡು ಹೋದವರೂ ಓದಲಿಲ್ಲ.

ಒಂದು ದಿನ ನಮ್ಮೂರಿನ ಮೂವರು ಹುಡುಗರು ಒಂದೇ ಕಂಪನಿಗೆ ಇಂಟರ್‌ವ್ಯೂಗೆ ಹೋದರು. ಅಲ್ಲಿನ ಸಾಹೇಬರು ಮೂರೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರಂತೆ.

"ಏನ್ರಪ್ಪಾ, ಮೂವರಿಗೂ ಕುದುರೆ ಸವಾರಿ ಹವ್ಯಾಸ ಅಂತಿದೆ. ಬಂಗಾರಪೇಟೆಯಲ್ಲಿ ಮನೆಮನೆಗೂ ಕುದುರೆ ಇದೆಯಾ?"

ಇಬ್ಬರು ಬೆವೆತು ನೆಲ ನೋಡಿದರಂತೆ. ಮೂರನೆಯವನು ಧೈರ್ಯವಂತ. "ಈಗಿಲ್ಲ ಸಾರ್. ನಮ್ ತಾತನ ಕಾಲ್ದಾಗೆ ಸ್ಟೇಷನ್ ಮುಂದೆ ಜಟಕಾ ಸ್ಟ್ಯಾಂಡ್ ಇತ್ತು" ಅಂದನಂತೆ. ಕೆಲಸ ಸಿಕ್ಕಿದ್ದು ಅವನೊಬ್ಬನಿಗೇ.

ಬೇಸ್‌ಮೆಂಟು

ಕೋರಮಂಡಲ್‌ನಿಂದ ಒಬ್ಬರು ಯಜಮಾನರು ಬಂದರು. ಅಲ್ಲಿನ ಚಿನ್ನದ ಗಣಿ ಮುಚ್ಚಿದ ಮೇಲೆ ಸಿಕ್ಕ ಕೆಲಸ ಮಾಡಿಕೊಂಡಿದ್ದವರು, ಈಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸಕ್ಕೆ ಅರ್ಜಿ. "ಏನಮ್ಮಾ, ನನ್ನಂಥವನಿಗೂ ಇದೆಲ್ಲ ಬೇಕಾ?" ಅಂತ ತಮಿಳು ಬೆರೆಸಿ ಕೇಳಿದರು. ನನ್ನಪ್ಪನೂ ಗಣಿಗೆ ಇಳಿದವನೇ, ಹಾಗಾಗಿ ಕೂರಿಸಿ ಕಾಫಿ ತರಿಸಿ ಚೆಂದವಾಗಿ ಮಾಡಿಕೊಟ್ಟೆ. ಅನುಭವ ಅನ್ನೋ ಕಡೆ, "ಭೂಮಿಯ ಕೆಳಗೆ ಹದಿನೆಂಟು ವರ್ಷ" ಅಂತ ಬರೆದೆ.

ಅಪಾರ್ಟ್‌ಮೆಂಟಿನ ಸೆಕ್ರೆಟರಿ ಅದನ್ನು ಸರಿಯಾಗಿ ನೋಡಿರಲಿಲ್ಲ ಅಂತ ಕಾಣುತ್ತೆ. ಇವರನ್ನ ಬೇಸ್‌ಮೆಂಟಿಗೆ ಇಳಿಸಿಕೊಂಡು ಹೋಗಿ, "ನೋಡಿ, ಎಂಟು ಗಂಟೆ ಇಲ್ಲೇ ಕೂತಿರಬೇಕು. ಬೆಳಕು ಕಮ್ಮಿ, ಗಾಳಿ ಕಮ್ಮಿ. ಇಷ್ಟು ಕೆಳಗೆ ಇರೋಕಾಗುತ್ತಾ?" ಅಂದರಂತೆ.

ಯಜಮಾನರು ಸುತ್ತ ಒಮ್ಮೆ ನೋಡಿದರಂತೆ. "ಸಾರ್, ಇದು ಕೆಳಗಾ? ಇದು ನಮಗೆ ಮಹಡಿ!"

ಬೆಳಿಗ್ಗೆ ಎದ್ರೆ ಮಾಡೋದು

ಈಗ ಹೇಳೋದು ಬೇತಮಂಗಲದ ಕಡೆಯ ಹಳ್ಳಿಯ ಒಬ್ಬ ಹುಡುಗಿಯ ವಿಷಯ. ಇನ್ನು ಮುಂದಿನದೆಲ್ಲ ಇವಳದೇ ಕಥೆ.

ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಆಗಿತ್ತು. ಮಾಲೂರು ಕಡೆ ಒಂದು ಬಿಸ್ಕತ್ತು ಫ್ಯಾಕ್ಟರಿ, ಅಲ್ಲಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡೋ ಕೆಲಸ ಖಾಲಿ ಇತ್ತು. ಅವಳಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಇದೊಂದ್ಸಲ ನೋಡು. ಆಗ್ಲಿಲ್ಲಾಂದ್ರೆ ಯುಗಾದಿ ಒಳಗೆ ಗಂಡು ನೋಡಿ ಮುಗಿಸ್ತೀನಿ." ಊರಿಗೆಲ್ಲ ಗೊತ್ತಿದ್ದ ವಿಷಯ ಇದು. ಹುಡುಗಿ ನನ್ನ ಮುಂದೆ ಕೂತು, "ಅಕ್ಕಾ, ನಂಗೀ ಕೆಲ್ಸ ಬೇಕೇ ಬೇಕು" ಅಂದಳು. ಅಳು ತಡೆದುಕೊಂಡಿದ್ದು ಗೊತ್ತಾಗುತ್ತಿತ್ತು.

"ಅನುಭವ ಏನಿದೆ?"

"ಏನೂ ಇಲ್ಲಕ್ಕಾ. ಮನೇಲಿ ಸುಮ್ನೆ ಅವ್ನಿ. ಬೆಳಿಗ್ಗೆ, ಸಾಯಂಕಾಲ ಡೈರಿಗೆ ಓಗ್ತೀನಿ, ಅಷ್ಟೇಯ."

"ಹಾಲು ಹಾಕೋಕಾ?"

"ಅಲ್ಲ, ಹಾಲು ಟೆಸ್ಟ್ ಮಾಡಾಕೆ. ಫ್ಯಾಟು, ನೀರು ಬೆರ್ತೈತಾ ಅಂತ ತೋರ್ಸೋ ಡಿಗ್ರಿ, ಎಲ್ಲ ನಾನೇ ನೋಡೋದು. ಪಿಯುಸಿಯಿಂದ."

ಅಂದರೆ ಏಳು ವರ್ಷ! ನಾನು ಮೇಜು ಕುಟ್ಟಿದ ರಭಸಕ್ಕೆ ಸ್ಟೇಪ್ಲರ್ ಕೆಳಗೆ ಬಿತ್ತು. "ಅಯ್ಯೋ ಮಂಕೇ! ಏಳು ವರ್ಷ ಪರೀಕ್ಷೆ ಮಾಡಿ ಅನುಭವ ಇಲ್ಲ ಅಂತೀಯಲ್ಲೇ!"

"ಅದು ಕೆಲ್ಸ ಅಲ್ಲ ಕಣಕ್ಕಾ. ಅದು ಬೆಳಿಗ್ಗೆ ಎದ್ರೆ ಮಾಡೋದು."

ಬೈದು ಬೈದು ಬಾಯಿ ಬಿಡಿಸಿದೆ. ನೀರು ಬೆರೆಸಿದ ಹಾಲನ್ನ ಯಾರದೇ ಆಗಲಿ ವಾಪಸ್ ಕಳಿಸ್ತಾಳಂತೆ. "ಯಾರದಾದ್ರೂ ಕಳಿಸಿದ್ದೀಯಾ?" ಅಂದೆ. ಅವಳು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದಳು. ಅವರೂರಲ್ಲಿ ಒಬ್ಬಳು ಅಜ್ಜಿ ಇದ್ದಾಳೆ, ಆರು ಹಸು ಕಟ್ಟಿದ್ದಾಳೆ, ಡೈರಿ ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲೋಳು ಅವಳೇ. "ಆ ಅಜ್ಜಿ ಹಾಲೇ ಎರಡ್ಸಲ ವಾಪಸ್ ಕಳಿಸಿದೀನಿ. ನೀರೇ ಹಾಕಿಲ್ಲ, ನಿನ್ ಮಿಷನ್ನೇ ಸುಳ್ಳು ಅಂತ ದೇವ್ರ ಮೇಲೆ ಆಣೆ ಇಟ್ರು. ಆವತ್ತಿಂದ ನನ್ ಕಂಡ್ರೆ ಉರಿದು ಬೀಳ್ತಾರೆ."

"ಅವಳ ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರೆಯೋಣ ಬಿಡು" ಅಂದೆ. ಎಷ್ಟು ಬುದ್ಧಿವಂತೆ ನೋಡಿ ನಾನು.

ನಾಲ್ಕು ಮೂಲೆಗೆ ಅರಿಶಿನ

ಪ್ರಿಂಟು ತಗೊಂಡು ಹೋದವಳು ಮಾರನೇ ದಿನ ವಾಪಸ್ ಬಂದಳು, ಸಹಿ ಹಾಕಿದ್ದನ್ನ ಸ್ಕ್ಯಾನ್ ಮಾಡಿ ಮೇಲ್ ಕಳಿಸಬೇಕು ಅಂತ. ನಾನು ಹಿಂದೆ ಮುಂದೆ ನೋಡದೆ ಮಿಷನ್ನಿನಲ್ಲಿಟ್ಟೆ. ಅವಳಮ್ಮ ಶುಭವಾಗಲಿ ಅಂತ ಕಾಗದದ ನಾಲ್ಕೂ ಮೂಲೆಗೆ ಅರಿಶಿನ, ನಡುವೆ ಕುಂಕುಮ ಹಚ್ಚಿ, ದೇವರ ಮುಂದಿಟ್ಟು ಕಳಿಸಿದ್ದಳು. ಗಾಜೆಲ್ಲ ಹಳದಿ!

ಅವಳದನ್ನು ಹೊಸದಾಗಿ ಮಾಡಿ ಕಳಿಸಿದೆ. ಆದರೆ ಗಾಜು ಪೂರ್ತಿ ಒರೆಸಿರಲಿಲ್ಲ. ಅವಳ ಹಿಂದೆ ನಿಂತಿದ್ದವನ ರೆಸ್ಯೂಮಿಗೂ ಹಳದಿ ಬಿತ್ತು. ಅವನಿಗೆ ಆ ವಾರವೇ ಕೆಲಸ ಆಯ್ತು ನೋಡಿ! ಅಲ್ಲಿಂದ ಶುರುವಾಯ್ತು ನನ್ನ ಗ್ರಹಚಾರ. ಇವತ್ತಿಗೂ ಜನ ಬಂದು, "ಅಕ್ಕಾ, ಆ ಅರಿಶಿನದ ಮಿಷನ್ನಲ್ಲೇ ಹಾಕಿ" ಅಂತಾರೆ.

ದೊಡ್ಡೋರ ಹೆಸರು ಮೊದಲು

ಇಂಟರ್‌ವ್ಯೂಗೆ ಕರೆ ಬಂತು! ಹುಡುಗಿ ನನ್ನ ಅಂಗಡಿಯಲ್ಲೇ ಕುಣಿದಳು, ನಾನೂ ಕುಣಿದೆ, ಜೆರಾಕ್ಸಿಗೆ ಬಂದಿದ್ದ ಪೋಸ್ಟ್‌ಮ್ಯಾನ್ ಕೂಡ ಚಪ್ಪಾಳೆ ತಟ್ಟಿದ. ಬರುವಾಗ ರೆಸ್ಯೂಮಿನ ಕೆಳಗೆ ನಿಮ್ಮನ್ನು ಬಲ್ಲ ಇಬ್ಬರ ಹೆಸರು, ನಂಬರು ಬರೆದು ತನ್ನಿ ಅಂದಿದ್ದರು. ಕಾಲೇಜಿನ ಮೇಡಂ, ಡೈರಿ ಸೆಕ್ರೆಟರಿ, ಮುಗೀತು ಅಂದೆ ನಾನು.

ಎಲ್ಲಿ ಮುಗೀತು? ಡೈರಿ ಸೆಕ್ರೆಟರಿ ಸಾಲಿನಲ್ಲಿ ನಿಂತವರ ಮುಂದೆಲ್ಲ ಜಂಬ ಕೊಚ್ಚಿಕೊಂಡನಂತೆ. ತಗೊಳ್ಳಿ, ಊರೇ ಎದ್ದಿತು. "ಅವನ ಎಸ್ರು ಐತೆ, ನಮ್ದು ಯಾಕಿಲ್ಲ? ನಿನ್ ನಾಮಕರಣಕ್ಕೆ ಪಾಯಸ ಬಡಿಸ್ದೋರು ನಾವಲ್ವಾ?" ಲಗ್ನಪತ್ರಿಕೆಯಲ್ಲಿ ಚಿಕ್ಕಪ್ಪನ ಹೆಸರು ಬಿಟ್ಟರೆ ಆಗುತ್ತಲ್ಲ, ಅದೇ ರಾದ್ಧಾಂತ. ಮೇಡಂ, ಸೆಕ್ರೆಟರಿ ಸೇರಿ ಹದಿನಾರು ಹೆಸರಿನ ಪಟ್ಟಿ ಹಿಡಿದು ಹುಡುಗಿ ಬಂದಳು.

ಹದಿನೇಳನೆಯದು ಬಸ್ಸಿನಲ್ಲಿ ತಾನೇ ಬಂತು. ಸೊಂಟಕ್ಕೆ ಎಲೆಯಡಿಕೆ ಚೀಲ, ಕೈಯಲ್ಲಿ ಕೋಲು. ಅದೇ ಅಜ್ಜಿ!

"ಎಲ್ಲೈತಮ್ಮಾ ನನ್ನೆಸ್ರು?"

"ಅಜ್ಜೀ, ಇದೇನು ಲಗ್ನಪತ್ರಿಕೆನಾ?"

"ಏನಾರಾ ಆಗ್ಲಿ. ಊರಾಗೆ ನಾನೇ ದೊಡ್ಡೋಳು. ದೊಡ್ಡೋರ ಎಸ್ರು ಮೊದ್ಲು ಆಕ್ಬೇಕು."

ಹಿಂದೆ ನಿಂತಿದ್ದ ಹುಡುಗಿ ನನಗೆ ಕೈ ಮುಗಿದಳು. "ಹಾಕ್ಬಿಡಕ್ಕಾ. ಇಲ್ಲಾಂದ್ರೆ ನಾನು ಊರಾಗೆ ಇರಾಕಾಗಲ್ಲ." ಹಾಕಿದೆ. ಅಜ್ಜಿ ಕಾಗದ ದೂರ ಹಿಡಿದು, ಮೂಲೆಯಲ್ಲಿದ್ದ ಫೋಟೋ ನೋಡಿ, "ಉಡ್ಗಿ ಚೆನ್ನಾಗಿ ಬಂದವ್ಳೆ. ಯಾರಾನಾ ಒಪ್ಕೊಂತಾರೆ ಬಿಡು" ಅಂದಳು. ಒಳ್ಳೇ ಮಾತು ಅಂದುಕೊಂಡು ನಾನು ತಲೆಯಾಡಿಸಿದೆ.

ಓದು, ಅನುಭವ ಒಂದು ಪುಟ. ಬಲ್ಲವರು ಎರಡು ಪುಟ. "ಹೆದರಬೇಡ ಕಣೇ, ಇಷ್ಟು ವರ್ಷದಲ್ಲಿ ಒಬ್ಬ ಕಂಪನಿಯವನೂ ಆ ನಂಬರಿಗೆ ಫೋನ್ ಮಾಡಿದ್ದು ನಾನು ಕೇಳಿಲ್ಲ" ಅಂತ ಸಮಾಧಾನ ಹೇಳಿದೆ.

ಗಾಡಿ ಇಲ್ಲ, ಹುಡುಗಿ ಇಲ್ಲ

ಇಂಟರ್‌ವ್ಯೂ ಚೆನ್ನಾಗೇ ಆಯ್ತು. ಮೂರನೇ ದಿನ ಸಾಯಂಕಾಲ, ಸರಿಯಾಗಿ ಹಾಲಿನ ಹೊತ್ತಿಗೆ, ಕಂಪನಿ ಹುಡುಗ ಫೋನ್ ಮಾಡಿದ. ಮೊದಲನೇ ಹೆಸರಿಗೆ!

ಅಜ್ಜಿಗೆ ಕಿವಿ ಮಂದ, ಅವಳ ಫೋನು ಯಾವಾಗಲೂ ಸ್ಪೀಕರಿನಲ್ಲೇ. ಡೈರಿ ಮುಂದೆ ಇಡೀ ಸಾಲು ಕೇಳಿಸಿಕೊಂಡಿತು. ಒಳಗೆ ಮಿಷನ್ ಮುಂದೆ ಕೂತಿದ್ದ ಹುಡುಗಿಯೂ ಕೇಳಿಸಿಕೊಂಡಳು.

"ಅಜ್ಜೀ, ನಿಮ್ಮೂರಿನ ಹುಡುಗಿ ನಮ್ಮವರಿಗೆಲ್ಲ ಒಪ್ಪಿಗೆ ಆಗಿದ್ದಾಳೆ. ಮುಂದುವರಿಯೋಕೆ ಮುಂಚೆ ನಿಮ್ಮನ್ನೊಂದು ಮಾತು ಕೇಳೋಣ ಅಂತ."

ಇಂಥ ಫೋನು ನಮ್ಮ ಹಳ್ಳಿಗಳಲ್ಲಿ ಬರೋದು ಒಂದೇ ಕಾರಣಕ್ಕೆ. ಅಜ್ಜಿ ಸೆರಗು ಸರಿಮಾಡಿಕೊಂಡಳು. "ಕೇಳಪ್ಪಾ."

"ಹುಡುಗಿ ಹೇಗೆ? ನಿಯತ್ತಿನವಳಾ?"

"ನಿಯತ್ತಾ? ನನ್ ಆಲನ್ನೇ ಎರಡ್ಸಲ ವಾಪಸ್ ಕಳ್ಸವ್ಳೆ ಪಾಪಿ! ಎರಡ್ಸಲಾನೂ ನೀರು ಆಕಿದ್ದೆ ನಾನು!"

ಸಾಲಿಗೆ ಸಾಲೇ "ಹೋ!" ಅಂತು. ಹುಡುಗಿ ಎದ್ದು ಬಂದು, "ಅಜ್ಜೀ, ಅದು ಕೆಲ್ಸದ ಫೋನು" ಅಂತ ಕೈಸನ್ನೆ ಮಾಡಿದಳು. ಅಜ್ಜಿ ಕೋಲು ಎತ್ತಿದಳು. "ಒಳಿಕ್ಕೆ ಓಗಮ್ಮಿ. ದೊಡ್ಡೋರು ಮಾತಾಡೋವಾಗ ಉಡ್ಗಿ ಬಾಯಿ ಆಕ್ಬಾರ್ದು." ಆಮೇಲೆ ಫೋನಿಗೆ: "ನೀವೆಷ್ಟು ಜನ ಅಲ್ಲಿ?"

"ನಾನೂರು ಜನ ಅಜ್ಜೀ."

"ನಾನೂರಾ! ಎಲ್ರಿಗೂ ಒಂದೇ ಕಡೆ ಊಟಾನಾ?"

"ಹೌದು, ಒಂದೇ ಕಡೆ."

"ಇವ್ಳೇ ಬೇಯಿಸ್ಬೇಕಾ?"

"ಇಲ್ಲ ಇಲ್ಲ, ಅಡುಗೆಗೆ ಬೇರೆ ಜನ ಇದ್ದಾರೆ."

ಅಜ್ಜಿ ಫೋನಿಗೆ ಅಂಗೈ ಮುಚ್ಚಿ ಸಾಲಿನ ಕಡೆ ತಿರುಗಿದಳು. "ಬಲೇ ಸಾಹುಕಾರ್ರು ಕಣ್ರೇ!" ಮತ್ತೆ ಕೈ ತೆಗೆದು, "ಇವ್ಳಿಗಿಂತ ಮುಂಚೆ ಯಾರಾನಾ ಬಂದಿದ್ರಾ?"

ಆ ಹುಡುಗ ಸತ್ಯವಂತ ಪಾಪ. "ಇಬ್ಬರು ಬಂದಿದ್ರು ಅಜ್ಜೀ. ಇಬ್ಬರೂ ಆರು ತಿಂಗಳಿಗೇ ಬಿಟ್ಟು ಹೋದ್ರು."

"ಇಬ್ರಾ! ಯಾಕೆ ಬಿಟ್ಟೋದ್ರು?"

"ದೂರ ಅಂತ. ಬಂದು ಹೋಗೋಕೆ ನಾವು ಗಾಡಿ ಕೊಡಲಿಲ್ಲ ಅಂತ."

"ನಾನೂರು ಜನಕ್ಕೆ ಅನ್ನ ಆಕೋರು, ಒಂದು ಎಣ್ಮಗಳಿಗೆ ಗಾಡಿ ಕಳ್ಸಾಕಾಗಲ್ವಾ? ಒಬ್ಳು ಬಿಟ್ಟೋದ್ರೆ ಅವಳ್ದು ತಪ್ಪು ಅನ್ನಬೌದು. ಇಬ್ರು ಬಿಟ್ಟೋದ್ರೆ ತಪ್ಪು ನಿಮ್ ಮನೇದು! ಗಾಡಿ ಇಲ್ಲ ಅಂದ್ರೆ ಉಡ್ಗಿ ಇಲ್ಲ. ಓಗಿ ನಿಮ್ ದೊಡ್ಡೋರಿಗೆ ಏಳು."

ಫೋನ್ ಕಟ್. ಹುಡುಗಿ ಹಾಲಿನ ಕ್ಯಾನಿನ ಪಕ್ಕ ಕುಸಿದು ಕೂತಳಂತೆ. ಮಾರನೇ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಇದನ್ನೆಲ್ಲ ಹೇಳುವಾಗಲೂ ಬಿಕ್ಕುತ್ತಿದ್ದಳು. ನನಗೆ ನಗು ಬರುತ್ತೆ, ನಗೋ ಹಾಗಿಲ್ಲ. ಆ ಹೆಸರನ್ನ ಮೊದಲು ಹಾಕಿದವಳು ನಾನೇ ತಾನೇ! ಯುಗಾದಿಗೆ ಇನ್ನು ಮೂರು ವಾರ ಇತ್ತು.

ಎರಡು ದಿನ ಬಿಟ್ಟು ಅವಳ ಮೇಲ್ ತೆಗೆದು ನೋಡಿದೆ. ಕಂಪನಿಯಿಂದ ಬಂದಿತ್ತು. ಓದಿದೆ. ಮತ್ತೆ ಓದಿದೆ. ಅವಳಿಗೆ ಫೋನ್ ಮಾಡಿ ಕಿರುಚಿದ್ದಕ್ಕೆ ಸ್ಟೇಷನ್ನಿನವರೆಗೂ ಜನ ತಿರುಗಿ ನೋಡಿದರು. ಕೆಲಸ ಆಗಿತ್ತು! ಕೊನೆಯ ಸಾಲಿನಲ್ಲಿ, ಬೇತಮಂಗಲದಿಂದ ಹೋಗಿ ಬರಲು ಕಂಪನಿಯ ಗಾಡಿ, ಅಂತಲೂ ಇತ್ತು.

ಅಂಗಡಿಗೆ ಬೀಗ ಹಾಕಿ, ಪ್ರಿಂಟ್ ಹಿಡಿದು, ಒಂದು ಕೆ.ಜಿ. ಮೈಸೂರು ಪಾಕ್ ಕಟ್ಟಿಸಿಕೊಂಡು ಬಸ್ ಹತ್ತಿದೆ. ಹುಡುಗಿಯ ಅಪ್ಪ ಕಾಗದವನ್ನ ಎರಡೂ ಕೈಯಲ್ಲಿ ಹಿಡಿದು ಡೈರಿ ಮುಂದೆ ಎಲ್ಲರಿಗೂ ತೋರಿಸಿದ, ಗಂಡಿನ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ. ಅಜ್ಜಿಗೆ ನಾನೇ ಕೂರಿಸಿ ಬಿಡಿಸಿ ಹೇಳಿದೆ, ಅದು ಮದುವೆಯ ಫೋನಲ್ಲ, ಕೆಲಸದ ಫೋನು ಅಂತ. ಅಜ್ಜಿ ಎಲೆಯಡಿಕೆ ಅಗಿಯೋದು ನಿಲ್ಲಿಸಿ ನನ್ನನ್ನೇ ನೋಡಿದಳು. ಬೈಗುಳ ಬಿತ್ತು ಅಂತಲೇ ನಾನು ತಲೆ ತಗ್ಗಿಸಿದೆ.

"ಆ ಫೋನ್ ಮಾಡಿದ್ನಲ್ಲ, ಆ ಉಡ್ಗ" ಅಂದಳು. "ಅವನ್ಗೆ ಮದ್ವೆ ಆಗೈತಾ?"

"ನನಗೇನು ಗೊತ್ತು ಅಜ್ಜೀ?"

"ಸುಳ್ಳು ಏಳಲ್ಲ. ದೊಡ್ಡೋರ ಮಾತು ಕೇಳ್ತಾನೆ. ಗಾಡಿ ಅಂದ್ರೆ ಗಾಡಿ ಕಳ್ಸಿದ. ನೀನೊಂದು ಕೆಲ್ಸ ಮಾಡು, ಅವನ್ದೂ ಇಂಥದ್ದೇ ಒಂದು ಕಾಗ್ದ ತರ್ಸು. ಕೆಳ್ಗೆ ಯಾರ್ಯಾರ ಎಸ್ರು ಆಕವ್ನೆ ನೋಡಾನ. ನಾನೇ ಫೋನ್ ಮಾಡಿ ಇಚಾರಿಸ್ತೀನಿ."